ಹಾಲಿನ ಕೂಲರಿನ ಗ್ಯಾಸೂ ಕಿಗಾಲಿಯ ಚರ್ಚೆಯೂ

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಗ್ಗೆ ನಮ್ಮ ಹಾಲಿನ ಸೊಸೈಟಿಯ ಕಾರ್ಯದರ್ಶಿ ಫೋನ್ ಮಾಡಿದರು. "ಕೂಲರ್ ರಾತ್ರಿಯಿಡೀ ಓಡಿದೆ, ಹಾಲು ಮಾತ್ರ ತಣಿಯಲೇ ಇಲ್ಲ. ನೀವೊಮ್ಮೆ ಬನ್ನಿ." ಹೋಗಿ ನೋಡಿದರೆ, ನಾಲ್ಕು ಡಿಗ್ರಿಗೆ ಇಳಿಯಬೇಕಾದ ಸಂಜೆಯ ಹಾಲು ಹದಿನೆಂಟರಲ್ಲೇ ನಿಂತಿದೆ. ಟ್ಯಾಂಕರಿನವ ಮೂಸಿ ನೋಡಿ ತಲೆಯಾಡಿಸಿದ. ಮುನ್ನೂರು ಲೀಟರಿಗೂ ಮಿಕ್ಕಿದ ಹಾಲು ತೋಡಿನ ಪಾಲು. ಅದರಲ್ಲಿ ನನ್ನದು ಒಂಬತ್ತು ಲೀಟರ್, ಹೋದರೆ ಹೋಗಲಿ ಅನ್ನಬಹುದು. ಆದರೆ ಒಂದೇ ದನ ಸಾಕಿ, ಅದರ ಹಾಲಿನ ದುಡ್ಡಿನಲ್ಲೇ ವಾರದ ಸಾಮಾನು ತರುವವರೂ ನಮ್ಮಲ್ಲಿ ಇದ್ದಾರೆ.

ಮಧ್ಯಾಹ್ನ ಮೆಕ್ಯಾನಿಕ್ ಬಂದ. "ಗ್ಯಾಸ್ ಖಾಲಿಯಾಗಿದೆ ಅಣ್ಣ" ಅಂತ ಒಂದು ನಟ್ಟು ಸಡಿಲ ಮಾಡಿದ. ಉಳಿದಿದ್ದ ಗ್ಯಾಸು ಬುಸ್ಸೆಂದು ಜಗಲಿಗೆ ಬಂತು.

"ಅದನ್ನು ಎಂತಕ್ಕೆ ಹೊರಗೆ ಬಿಡುದು?" ಎಂದೆ.

"ಹಳತಲ್ವಾ ಅಣ್ಣ. ವಾಸನೆ ಇಲ್ಲ, ಬೆಂಕಿ ಹಿಡಿಯುದಿಲ್ಲ. ಎಂತ ಆಗುದಿಲ್ಲ."

ಐದು ಕಿಲೋ ಹೊಸ ಗ್ಯಾಸು ತುಂಬಿಸಿ, ಬಿಲ್ಲು ಕೊಟ್ಟು ಹೋದ. ಕಡತ ತೆಗೆದು ನೋಡಿದರೆ ಹಿಂದಿನ ವರ್ಷವೂ ಹೆಚ್ಚುಕಡಿಮೆ ಅಷ್ಟೇ ತುಂಬಿಸಿದ್ದೇವೆ, ಅದರ ಹಿಂದಿನ ವರ್ಷವೂ! ಸಿಲಿಂಡರಿನ ಮೇಲೆ 'ಆರ್-404ಎ' ಅಂತ ಬರೆದಿತ್ತು. ಆ ಹೆಸರು ಹಿಡಿದು ಹುಡುಕುತ್ತಾ ಹೋದವನು ಆಫ್ರಿಕಾದ ರುವಾಂಡಾ ದೇಶದ ಕಿಗಾಲಿ ಪಟ್ಟಣದವರೆಗೆ ಹೋಗಬೇಕಾಯಿತು.

ಮೊದಲು ನಾನೇ ತಿಳಿಯದಿದ್ದ ಒಂದು ಮಾತು. ಗ್ಯಾಸು ಡೀಸೆಲ್ಲಿನ ಹಾಗೆ ಖರ್ಚಾಗುವ ವಸ್ತು ಅಲ್ಲ. ತೊಟ್ಟಿಯ ಅಡಿಯ ಕೊಳವೆಯಲ್ಲಿ ಅದು ದ್ರವವಾಗಿ ಬಂದು ಕುದಿಯುತ್ತದೆ, ಕುದಿಯಲು ಬೇಕಾದ ಬಿಸಿಯನ್ನು ಹಾಲಿನಿಂದ ಎಳೆದುಕೊಳ್ಳುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತುತ್ತದೆ, ಹೊರಗಿನ ಫ್ಯಾನು ಬಿಸಿಯನ್ನು ಗಾಳಿಗೆ ಬಿಟ್ಟು ಮತ್ತೆ ದ್ರವ ಮಾಡುತ್ತದೆ. ಇದ್ದ ಗ್ಯಾಸೇ ಸುತ್ತುತ್ತಾ ಇರಬೇಕು. ಮುಗಿಯಿತು ಅಂದರೆ ಎಲ್ಲೋ ಸೋರಿದೆ ಅಂತಲೇ ಅರ್ಥ. ನಾವು ಮೂರು ವರ್ಷ ತೂತು ಕೊಡಕ್ಕೆ ನೀರು ಹೊಯ್ದಿದ್ದೇವೆ.

ಸೋರಿದ್ದು ಎಷ್ಟು ದೊಡ್ಡದು ನೋಡಿ. ಒಂದು ಕಿಲೋ ಆರ್-404ಎ ನೂರು ವರ್ಷದ ಲೆಕ್ಕದಲ್ಲಿ ಸುಮಾರು 3,900 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಐದು ಕಿಲೋ ಅಂದರೆ ಹತ್ತೊಂಬತ್ತು ಟನ್ನಿಗೂ ಹೆಚ್ಚು. ಒಂದು ಲೀಟರ್ ಡೀಸೆಲ್ ಉರಿದರೆ ಬರುವುದು ಎರಡೂ ಮುಕ್ಕಾಲು ಕಿಲೋದ ಹತ್ತಿರ. ಏಳು ಸಾವಿರ ಲೀಟರ್ ಡೀಸೆಲ್ ಸುಟ್ಟ ಹಾಗಾಯಿತು ನಮ್ಮ ಪುಟ್ಟ ಸೊಸೈಟಿಯ ಒಂದು ವರ್ಷದ ಸೋರಿಕೆ. ನನ್ನ ತೋಟದ ಡೀಸೆಲ್ ಪಂಪು ಇಷ್ಟು ವರ್ಷದಲ್ಲಿ ಅಷ್ಟು ಕುಡಿದಿರಲಿಕ್ಕಿಲ್ಲ.

ಇಂಥ ಗ್ಯಾಸು ಬಂದದ್ದಾದರೂ ಹೇಗೆ? ಹಿಂದೆ ತಂಪು ಮಾಡಲು ಅಮೋನಿಯಾ ಬಳಸುತ್ತಿದ್ದರು, ದೊಡ್ಡ ಐಸ್ ಪ್ಲಾಂಟುಗಳಲ್ಲಿ ಈಗಲೂ ಅದೇ. ಅದು ಸೋರಿದರೆ ಕಣ್ಣು ಮೂಗು ಉರಿಯುತ್ತದೆ, ಹೆಚ್ಚಾದರೆ ಪ್ರಾಣಕ್ಕೇ ಅಪಾಯ. ಹಾಗಾಗಿ 1930ರ ದಶಕದಲ್ಲಿ ವಾಸನೆ, ವಿಷ, ಬೆಂಕಿ ಯಾವುದೂ ಇಲ್ಲದ ಸಿಎಫ್‌ಸಿ ಬಂದಾಗ ಎಲ್ಲರೂ ಅಪ್ಪಿಕೊಂಡರು. ಅದು ಓಝೋನ್ ಪದರವನ್ನು ತಿನ್ನಬಹುದೆಂದು ಇಬ್ಬರು ವಿಜ್ಞಾನಿಗಳು 1974ರಲ್ಲಿ ಹೇಳಿದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲೆ ಪದರ ತೆಳುವಾದದ್ದು ವರದಿಯಾಯಿತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದ. ಭಾರತ ಕೂಡಲೇ ಸಹಿ ಹಾಕಲಿಲ್ಲ. ಹಾಳು ಮಾಡಿದವರು ಶ್ರೀಮಂತರು, ಯಂತ್ರ ಬದಲಿಸುವ ಖರ್ಚು ನಮಗೇಕೆ ಎಂದು ಹಟ ಹಿಡಿಯಿತು. 1990ರಲ್ಲಿ ಲಂಡನ್ನಿನಲ್ಲಿ ಬಡ ದೇಶಗಳಿಗೆ ಖರ್ಚು ಕೊಡುವ ನಿಧಿಗೆ ಒಪ್ಪಿಗೆಯಾದ ಮೇಲೆ, 1992ರಲ್ಲಿ ಸೇರಿತು. ಈ ಹಟ ಸರಿಯೇ ಇತ್ತು ಎಂದು ನನಗನ್ನಿಸುತ್ತದೆ.

ಸಿಎಫ್‌ಸಿಯ ಜಾಗಕ್ಕೆ ಆರ್-22 ಮೊದಲಾದವು, ಆಮೇಲೆ ಎಚ್‌ಎಫ್‌ಸಿಗಳು ಬಂದವು. ನಮ್ಮ 404ಎ ಈ ಎಚ್‌ಎಫ್‌ಸಿ ಪಂಗಡದ್ದು. ಇವು ಓಝೋನನ್ನು ಮುಟ್ಟುವುದಿಲ್ಲ, ಆದರೆ ಭೂಮಿಗೆ ಕಂಬಳಿ ಹೊದಿಸುತ್ತವೆ. ಇಲ್ಲಿಂದ ಎರಡನೆಯ ಜಗಳ. ಓಝೋನಿಗೆ ತೊಂದರೆ ಮಾಡದ ಗ್ಯಾಸನ್ನು ಓಝೋನ್ ಒಪ್ಪಂದದೊಳಗೆ ತರುವುದೇಕೆ, ಶ್ರೀಮಂತರ ಹೊಣೆ ಹೆಚ್ಚೆಂದು ಬರೆದಿರುವ ಹವಾಮಾನ ಒಪ್ಪಂದದಲ್ಲೇ ಮಾತಾಡೋಣ ಎಂದು ಭಾರತ ವರ್ಷಗಟ್ಟಲೆ ವಾದಿಸಿತು. ಬದಲಿ ಗ್ಯಾಸುಗಳಲ್ಲಿ ಕೆಲವಕ್ಕೆ ವಿದೇಶಿ ಕಂಪೆನಿಗಳ ಪೇಟೆಂಟ್ ಇದೆ, ಅವರು ಹೇಳಿದ ಬೆಲೆ ಕೊಡಬೇಕಾಗುತ್ತದೆ ಎಂಬ ಭಯವೂ ಇತ್ತು. 2015ರಲ್ಲಿ ನಿಲುವು ಬದಲಾಯಿಸಿ, ಹೆಚ್ಚು ಕಾಲಾವಕಾಶ ಕೇಳುವ ತನ್ನದೇ ಪ್ರಸ್ತಾವ ಮುಂದಿಟ್ಟಿತು.

2016ರ ಅಕ್ಟೋಬರ್ 15ರಂದು ಕಿಗಾಲಿಯಲ್ಲಿ ತೀರ್ಮಾನವಾಯಿತು. ಶ್ರೀಮಂತ ದೇಶಗಳು 2019ರಿಂದಲೇ ಇಳಿಸಲು ಶುರು ಮಾಡಬೇಕು, 2036ಕ್ಕೆ ಶೇ. 85 ಕಡಿಮೆ. ಚೀನಾ ಮತ್ತು ಬಹುಪಾಲು ಬಡ ದೇಶಗಳಿಗೆ 2024ರಿಂದ ಏರಿಕೆಗೆ ತಡೆ. ಭಾರತ, ಪಾಕಿಸ್ತಾನ, ಇರಾನ್, ಇರಾಕ್, ಸೌದಿ ಮುಂತಾದ ಸೆಕೆಯ ದೇಶಗಳಿಗೆ ಇನ್ನೂ ತಡ. (ಗಡಿಯಲ್ಲಿ ಏನೇ ಇರಲಿ, ಗ್ಯಾಸಿನ ವಿಷಯದಲ್ಲಿ ನಾವೂ ಪಾಕಿಸ್ತಾನವೂ ಒಂದೇ ಪಂಕ್ತಿ!) ನಮಗೆ 2028ಕ್ಕೆ ತಡೆ, 2032ಕ್ಕೆ ಶೇ. 10 ಇಳಿಕೆ, 2047ಕ್ಕೆ ಶೇ. 85. ಭಾರತ ಇದನ್ನು 2021ರಲ್ಲಿ ಅಧಿಕೃತವಾಗಿ ಒಪ್ಪಿತು, ಅಮೆರಿಕದ ಸೆನೆಟ್ 2022ರಲ್ಲಿ. ಪೂರ್ತಿ ಪಾಲಿಸಿದರೆ ಈ ಶತಮಾನದ ಕೊನೆಗೆ ಅರ್ಧ ಡಿಗ್ರಿಯವರೆಗೆ ಬಿಸಿ ತಪ್ಪಿಸಬಹುದು ಎಂಬುದು ಲೆಕ್ಕ.

ಇದೆಲ್ಲ ಮಂತ್ರಿಗಳ ಮಾತು, ನಮಗೆಂತ ಎಂದು ನೀವು ಕೇಳಬಹುದು. ನಮ್ಮ ಸೊಸೈಟಿಯ ಸಭೆಯಲ್ಲೂ ಹಾಗೇ ಕೇಳಿದರು. ಕೂಲರ್ ಹಳತಾಗಿತ್ತು. ಆರ್-22 ಗ್ಯಾಸಿನ ಸೆಕೆಂಡ್ ಹ್ಯಾಂಡ್ ಒಂದು ಅರ್ಧ ಬೆಲೆಗೆ ಸಿಗುತ್ತದೆಂದು ಒಬ್ಬರು ಸುದ್ದಿ ತಂದರು. ನಾನು ಬೇಡ ಎಂದೆ. ಹಿರಿಯ ಸದಸ್ಯರೊಬ್ಬರಿಗೆ ಸಿಟ್ಟು ಬಂತು. "ಅಲ್ಲ ಮಾರಾಯ್ರೇ, ಅಮೆರಿಕದವರು ಅಜ್ಜನ ಕಾಲದಿಂದ ಎಸಿ ಹಾಕಿ ಮಲಗಿದ್ದಾರೆ. ಈಗ ನಮ್ಮ ಹಾಲು ಹುಳಿಯಾಗಬೇಕಾ?"

ದೆಹಲಿಯವರು ಇಪ್ಪತ್ತೈದು ವರ್ಷ ವಾದಿಸಿದ್ದನ್ನು ಅವರು ಒಂದೇ ಉಸಿರಿಗೆ ಹೇಳಿ ಮುಗಿಸಿದ್ದರು. ನನ್ನಲ್ಲಿ ಅದಕ್ಕೆ ಎದುರು ಮಾತಿಲ್ಲ, ಅವರು ಹೇಳಿದ್ದು ನ್ಯಾಯವೇ. ಆದರೆ ನಾನು ಹೇಳಿದ್ದು ಲೆಕ್ಕ. ಕೂಲರ್ ಒಮ್ಮೆ ತಂದರೆ ಹದಿನೈದು ವರ್ಷ ಇಟ್ಟುಕೊಳ್ಳುತ್ತೇವೆ. ಆರ್-22ನ್ನು ಭಾರತ 2030ಕ್ಕೆ ನಿಲ್ಲಿಸಬೇಕು, ಆಮೇಲೆ ಉಳಿಯುವುದು ದುರಸ್ತಿಗೆ ಬೇಕಾದ ಚೂರುಪಾರು ಮಾತ್ರ. ಸರಕು ಕಡಿಮೆಯಾದಾಗ ಬೆಲೆ ಎಲ್ಲಿಗೆ ಹೋಗುತ್ತದೆಂದು ಅಡಿಕೆ ಬೆಳೆಯುವವರಿಗೆ ಹೇಳಿಕೊಡಬೇಕೇ? ದೇಶ ಕೇಳಿ ಪಡೆದ ಕಾಲಾವಕಾಶದಲ್ಲಿ ಬೇರೆಯವರು ಬಿಟ್ಟ ಹಳೆಯ ಯಂತ್ರಗಳನ್ನು ನಾವು ಅಗ್ಗಕ್ಕೆ ತಂದು ತುಂಬಿಸಿಕೊಂಡರೆ, ಆ ಅವಕಾಶದ ಲಾಭ ಮಾರಿದವನಿಗೆ, ಸಾಲ ನಮಗೆ.

ನಿಧಿ, ತರಬೇತಿ ಎಲ್ಲ ಒಪ್ಪಂದದಲ್ಲಿ ಉಂಟು. ಆದರೆ ನಮ್ಮ ಜಗಲಿಯಲ್ಲಿ ಬುಸ್ಸೆಂದದ್ದನ್ನು ಹಿಡಿದಿಡುವ ಖಾಲಿ ಸಿಲಿಂಡರ್ ಆ ಹುಡುಗನ ಬೈಕಿನಲ್ಲಿ ಇರಲಿಲ್ಲ. ಅವನನ್ನು ಬೈದು ಫಲವಿಲ್ಲ, ಅವನಿಗೆ ಯಾರೂ ಕಲಿಸಿಲ್ಲ. ನನಗೆ ಸರಕಾರದ ಮೇಲೆ ದೂರು ಇರುವುದು ಈ ಒಂದು ವಿಷಯದಲ್ಲೇ.

ಕೊನೆಗೆ ಸೆಕೆಂಡ್ ಹ್ಯಾಂಡ್ ತರುವುದು ಬೇಡವೆಂದಾಯಿತು. ಅದೇ ಹುಡುಗನನ್ನು ಕರೆಸಿ, ಮೊದಲು ತೂತು ಹುಡುಕು ಎಂದೆವು. ಸೋಪಿನ ನೊರೆ ಹಚ್ಚುತ್ತಾ ಹೋದ. ಕಂಪ್ರೆಸರಿನ ಬುಡದ ಒಂದು ಜೋಡಣೆಯಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದಿತು. ಬಿಗಿ ಮಾಡಲು ಹಿಡಿದದ್ದು ಹತ್ತು ನಿಮಿಷ. ಅಂದಿನಿಂದ ಒಂದು ಗ್ರಾಂ ಗ್ಯಾಸು ತುಂಬಿಸಿಲ್ಲ, ಕರೆಂಟ್ ಬಿಲ್ಲೂ ಸ್ವಲ್ಪ ಇಳಿದಿದೆ.

ಮನೆಗೆ ಫ್ರಿಜ್ ತರುವವರು ಹಿಂಬದಿಯ ಚೀಟಿ ನೋಡಿ. 'ಆರ್-600ಎ' ಎಂದಿದ್ದರೆ ಅದು ಐಸೋಬ್ಯೂಟೇನ್, ಅಡುಗೆ ಗ್ಯಾಸಿನ ಜಾತಿಯದ್ದು, ಪೇಟೆಂಟಿನ ಗೊಡವೆ ಇಲ್ಲ, ಬಿಸಿ ಮಾಡುವ ಶಕ್ತಿಯೂ ತೀರಾ ಕಡಿಮೆ. ಬೆಂಕಿ ಹಿಡಿಯುವ ಗುಣ ಇರುವುದರಿಂದ ದುರಸ್ತಿಗೆ ತಿಳಿದವರೇ ಬೇಕು. 'ಆರ್-134ಎ' ಎಂದಿದ್ದರೆ ಕಿಲೋ ಒಂದಕ್ಕೆ ಸುಮಾರು 1,430 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ.

ಹೊಸ ಕೂಲರಿಗೆ ಮೂರು ಕಡೆಯಿಂದ ದರಪಟ್ಟಿ ತರಿಸಿದ್ದೇವೆ. ಬಣ್ಣ, ಚಕ್ರ, ಗ್ಯಾರಂಟಿ ಎಲ್ಲ ಬರೆದಿದ್ದಾರೆ. ಎರಡರಲ್ಲಿ ಗ್ಯಾಸಿನ ಹೆಸರೇ ಇಲ್ಲ. ಬರೆದು ಕೇಳಿದ್ದೇವೆ, ಉತ್ತರ ಬಂದ ಮೇಲೆ ಮುಂದಿನ ಸಭೆ.