ಕರಿಗಲ್ಲಿನ ಮನೆಯ ಮೇಲಿನ ಆರೋಪ

ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಹಳೆಯ ಊರುಗಳನ್ನು ದೂರದಿಂದ ನೋಡಿದರೆ ನೆಲವೇ ಅಲ್ಲಲ್ಲಿ ಎದ್ದು ನಿಂತಂತೆ ತೋರುತ್ತದೆ. ಸುತ್ತಲ ಕರಿಗಲ್ಲು, ಊರ ಮಣ್ಣು, ಮರದ ಕಂಬ ತೊಲೆ. ಇಷ್ಟರಿಂದಲೇ ಮಾಳಿಗೆಮನೆ ಮೇಲೇಳುತ್ತಿತ್ತು. ದಪ್ಪ ಗೋಡೆ ವೈಶಾಖದ ಬಿಸಿಲನ್ನು ಹೊರಗೇ ತಡೆಯುತ್ತಿತ್ತು. ಅಂಗಳದ ಸುತ್ತ ಪಡಸಾಲೆ, ಅಡುಗೆಮನೆ, ದನದ ಕೊಟ್ಟಿಗೆ. ಪರಿಸರಕ್ಕೆ ಹೊಂದುವ ಕಟ್ಟಡವೆಂದು ಇಂದಿನ ವಾಸ್ತುಶಿಲ್ಪಿಗಳು ಹೊಗಳುವ ಗುಣಗಳು ಇಲ್ಲಿನ ಗೌಂಡಿಗಳಿಗೆ ದಿನನಿತ್ಯದ ಕೆಲಸವಾಗಿದ್ದವು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ, ಅಂಥ ಮನೆಗಳೇ ಅವರ ಮೇಲೆ ಕುಸಿದವು. ಕಿಲ್ಲಾರಿ, ಸಾಸ್ತೂರ ಮೊದಲಾದ ಊರುಗಳು ನೆಲಸಮವಾದವು. ಭೂಕಂಪದ ಪ್ರಮಾಣ 6.2, ಸರ್ಕಾರಿ ಲೆಕ್ಕದಂತೆ ಮಡಿದವರು 7,928. ಅಂದಿನಿಂದ ಈ ಸೀಮೆಯಲ್ಲಿ ಕಲ್ಲು ಆರೋಪಿಯ ಕಟಕಟೆಯಲ್ಲಿದೆ.

ಆದರೆ ಸಾಕ್ಷ್ಯವನ್ನು ಪರಿಶೀಲಿಸಬೇಕು. ಹೊರಗಿನಿಂದ ಒಂದೇ ಎಂದು ಕಾಣುವ ಆ ಗೋಡೆ ನಿಜವಾಗಿ ಎರಡು ಪದರ; ನಡುವೆ ತುಂಬಿದ್ದು ಚೂರುಗಲ್ಲು, ಮಣ್ಣು. ಎರಡನ್ನೂ ಬೆಸೆಯುವ ಉದ್ದಗಲ್ಲುಗಳನ್ನು ಹೆಚ್ಚಿನ ಮನೆಗಳಲ್ಲಿ ಇಟ್ಟಿರಲಿಲ್ಲ. ನೆಲ ನಡುಗಿದಾಗ ಪದರಗಳು ಉಬ್ಬಿ ಬೇರೆಯಾದವು. ಮಾಳಿಗೆ ಸೋರದಿರಲೆಂದು ಪ್ರತಿ ಮಳೆಗಾಲಕ್ಕೆ ಮುನ್ನ ಮೇಲೆ ಹೊಸ ಮಣ್ಣು ಹಾಕುವುದು ರೂಢಿ. ಅಜ್ಜ ಹಾಕಿದ್ದರ ಮೇಲೆ ಮಗ, ಮಗನದರ ಮೇಲೆ ಮೊಮ್ಮಗ. ಹೀಗೆ ಒಂದೆರಡು ಅಡಿ ಮಣ್ಣಿನ ಭಾರ ತಲೆಯ ಮೇಲೆ ಕುಳಿತಿತ್ತು. ಗೋಡೆ ಬಿದ್ದರೂ ಮರದ ಚೌಕಟ್ಟು ಮಾಳಿಗೆಯನ್ನು ಹೊತ್ತು ನಿಂತ ಮನೆಗಳೂ ಇದ್ದವು ಎಂಬುದನ್ನು ಮರೆಯಲಾಗದು.

ಪುನರ್ವಸತಿಯಲ್ಲಿ 52 ಹಳ್ಳಿಗಳು ಹೊಸ ಜಾಗಕ್ಕೆ ಹೋದವು. ಮನೆಯ ಅಳತೆ ಜಮೀನನ್ನು ಅವಲಂಬಿಸಿತ್ತು: 250, 400, 750 ಚದರಡಿ. ಊರಿನ ಮೇಲು ಕೀಳನ್ನು ಸರ್ಕಾರವೇ ಗೋಡೆಯಲ್ಲಿ ಬರೆದಂತಾಯಿತು. ಓಣಿಗಳ ಬದಲು ಪಟ್ಟಣದ ಬಡಾವಣೆಯಂಥ ನೇರ, ಅಗಲ ರಸ್ತೆಗಳು ಬಂದವು. ಒಂದು ಹಳ್ಳಿಗಂತೂ ಗುಮ್ಮಟದಾಕಾರದ ಮನೆಗಳೇ ಬಂದವು! ಮನೆ ಗಟ್ಟಿಯಾಗಿತ್ತು, ನಿಜ. ಆದರೆ ಎತ್ತಿಗೆ, ಕಾಳಿಗೆ, ಒಲೆಗೆ ಅದರಲ್ಲಿ ಎಡೆ ಸಾಲಲಿಲ್ಲ. ಜನ ತಾವೇ ಕೊಟ್ಟಿಗೆ, ಕೋಣೆ, ಆವಾರದ ಗೋಡೆ ಸೇರಿಸಿಕೊಂಡರು. ಕೆಲವರು ಅದೇ ಕಲ್ಲು ಮಣ್ಣಿನಲ್ಲಿ, ಅದೇ ಹಳೆಯ ಕ್ರಮದಲ್ಲಿ. ಭಯ ಕಲ್ಲನ್ನು ಊರಿಂದ ಓಡಿಸಲಿಲ್ಲ, ತಪ್ಪನ್ನು ತಿದ್ದಲೂ ಇಲ್ಲ.

ಹೊಸದು ನೆಲಕ್ಕೆ ಪರಕೀಯವಾಗಿರಲೇಬೇಕೆಂದಿಲ್ಲ. ಇದೇ ಮಹಾರಾಷ್ಟ್ರದ ಕೋಪರಗಾಂವದ ಶಾಲೆಯೊಂದರಲ್ಲಿ ಸಮೀಪ್ ಪಡೋರಾ ಅವರ ಸಂಸ್ಥೆ 2018ರಲ್ಲಿ ರೂಪಿಸಿದ ಮಾಯಾ ಸೋಮಯ್ಯ ಗ್ರಂಥಾಲಯ ದಿಬ್ಬದಂತೆ ನೆಲದಿಂದಲೇ ಏಳುತ್ತದೆ. ತೆಳು ಇಟ್ಟಿಗೆಯ ಕಮಾನು ಛಾವಣಿಯ ಕೆಳಗೆ ಮಕ್ಕಳು ಓದುತ್ತಾರೆ, ಮೇಲೆ ಹತ್ತಿ ಓಡಾಡುತ್ತಾರೆ. ಅದರ ಆಕಾರವನ್ನು ಇಲ್ಲಿ ನಕಲು ಮಾಡಬೇಕಿಲ್ಲ. ನಡುಗಿದ ನೆಲಕ್ಕೆ ಅದರದೇ ಲೆಕ್ಕಾಚಾರ ಬೇಕು.

ಆ ಲೆಕ್ಕಾಚಾರ ಭಾರತೀಯ ಮಾನಕ 13828ರಲ್ಲಿದೆ. ಕಾಕತಾಳೀಯವೆಂಬಂತೆ ಅದೂ 1993ರದೇ. ಅದು ಕಲ್ಲನ್ನು ನಿಷೇಧಿಸುವುದಿಲ್ಲ. ಗೋಡೆಯ ದಪ್ಪ 450 ಮಿಲಿಮೀಟರ್, ಅಂದರೆ ಒಂದೂವರೆ ಅಡಿ, ಮೀರಬಾರದು. ಎತ್ತರದಲ್ಲಿ ಪ್ರತಿ ಎರಡು ಅಡಿಗೆ, ಉದ್ದದಲ್ಲಿ ನಾಲ್ಕು ಅಡಿಗೊಂದರಂತೆ ಗೋಡೆಯ ಪೂರ್ಣ ದಪ್ಪವನ್ನು ಹಾಯುವ ಕಲ್ಲಿರಬೇಕು. ಬಾಗಿಲು ಕಿಟಕಿಗಳ ಮೇಲೆ ಮನೆಯ ಸುತ್ತ ಎಲ್ಲೂ ತುಂಡಾಗದ ಪಟ್ಟಿ ಹಾಯಬೇಕು. ಈ ಬೇಸಿಗೆಯಲ್ಲಿ ಕೋಣೆ ಕಟ್ಟಿಸುವವರು ಗೌಂಡಿಯನ್ನು ಮೊದಲು ಕೇಳಬೇಕಾದುದು ಇದನ್ನೇ.

ನಿಂತಿರುವ ಹಳೆಯ ಮನೆಯನ್ನು ಕೆಡವಬೇಕಾಗಿಯೂ ಇಲ್ಲ. ಮಾಳಿಗೆಯ ಹೆಚ್ಚುವರಿ ಮಣ್ಣಿಳಿಸಿ, ನೀರಿಳಿಯದ ಹಾಳೆ ಹಾಸಿ, ಉಳಿದ ಮಣ್ಣನ್ನು ತೆಳುವಾಗಿ ಹರವಬಹುದು. ಕಂಬ ತೊಲೆ ಕೂಡುವಲ್ಲಿ ಓರೆಯಾಗಿ ಮರದ ಆಸರೆ ಕೊಡಬಹುದು. ಗೋಡೆಯಲ್ಲಿ ಅಲ್ಲಲ್ಲಿ ಒಂದೊಂದು ಕಲ್ಲನ್ನು ಮೆಲ್ಲಗೆ ಬಿಡಿಸಿ, ಆಚೆಯವರೆಗೆ ರಂಧ್ರ ಮಾಡಿ, ಕಬ್ಬಿಣದ ಸರಳಿಟ್ಟು ಕಾಂಕ್ರೀಟ್ ತುಂಬಿದರೆ ಬೇರೆಯಾಗಿದ್ದ ಎರಡು ಪದರಗಳು ಒಂದಾಗುತ್ತವೆ. ಕೆಲಸ ಮುಗಿದ ಮೇಲೆ ಕರಿಗಲ್ಲಿನ ನಡುವೆ ಕಾಣುವುದು ಅಂಗೈಯಗಲದ ಕೆಲವು ಸಿಮೆಂಟಿನ ಗುರುತುಗಳು ಮಾತ್ರ.