ನಿಮಗಿದು ಗೊತ್ತೆ? ವಿಮಾನಕ್ಕೂ ಅಡ್ಡಗಾಳಿಯ ಕಾಟ

ಸೊಲ್ಲಾಪುರದ ಕಂದಲಗಾಂವ ಸೀಮೆಯಲ್ಲಿ ಜೋಳದ ರಾಶಿ ತೂರುವವರು ಮೊದಲು ಗಾಳಿಯ ದಿಕ್ಕು ನೋಡುತ್ತಾರೆ. ಪೈಲಟ್ ಕೂಡ ಹಾಗೆಯೇ. ಅವರಿಗೆ ದಿಕ್ಕು ಹೇಳುವುದು ರನ್‌ವೇ ಪಕ್ಕದ ಗಾಳಿಚೀಲ.

ಎದುರುಗಾಳಿ ಇಳಿಯುವ ವಿಮಾನಕ್ಕೆ ನೆಂಟ. ಅಡ್ಡಗಾಳಿ ಮಾತ್ರ ಪಕ್ಕಕ್ಕೆ ತಳ್ಳುತ್ತದೆ. ಗಂಟೆಗೆ 30 ಕಿ.ಮೀ. ಗಾಳಿ ರನ್‌ವೇಗೆ 30 ಡಿಗ್ರಿ ಓರೆಯಾಗಿ ಬೀಸಿದರೆ ಅಡ್ಡಕ್ಕೆ ತಳ್ಳುವ ಪಾಲು 15 ಕಿ.ಮೀ.; 90 ಡಿಗ್ರಿಯಾದರೆ ಪೂರ್ತಿ 30. ತರಬೇತಿಯಲ್ಲಿ ಹೆಚ್ಚು ಬಳಕೆಯ ಸೆಸ್ನಾ 172ಕ್ಕೆ ತಯಾರಕರು ಪರೀಕ್ಷಿಸಿ ತೋರಿಸಿರುವ ಅಡ್ಡಗಾಳಿ 15 ನಾಟ್, ಅಂದರೆ ಸುಮಾರು 28 ಕಿ.ಮೀ. ಅದೂ ನುರಿತ ಕೈಯಲ್ಲಿ! ಗಾಳಿ ಒಂದೇ ಸಮ ಬೀಸಿದರೆ ಹೇಗೋ ನಿಭಾಯಿಸಬಹುದು. ಬಿಟ್ಟು ಬಿಟ್ಟು ರಭಸದಿಂದ ಬಂದರೆ ಹಗುರ ವಿಮಾನದ ರೆಕ್ಕೆ ಥಟ್ಟನೆ ಮೇಲೇಳುತ್ತದೆ.

ಉಪಾಯ? ಗಾಳಿ ಬರುವ ಕಡೆಯ ರೆಕ್ಕೆ ತಗ್ಗಿಸಿ, ಆ ಬದಿಯ ಚಕ್ರವನ್ನೇ ಮೊದಲು ನೆಲಕ್ಕೆ ತಾಗಿಸುವುದು. ನೋಡುವವರಿಗೆ ಎಡವಟ್ಟು, ಅದೇ ಸರಿಯಾದ ಕ್ರಮ.

ಬೆಂಗಳೂರಿನ ಜಕ್ಕೂರಿನ ರನ್‌ವೇ ಹೆಚ್ಚುಕಡಿಮೆ ಪೂರ್ವ–ಪಶ್ಚಿಮವಾಗಿದೆ. ಮುಂಗಾರಿನ ಪಡುವಣ ಗಾಳಿ ಎದುರಾಗಿ ಸಿಗಲಿ ಎಂದರೆ ಇದು ಅನುಕೂಲ. ಆದರೆ ಗಾಳಿ ಸದಾ ಹೀಗೆ ಒಲಿಯದು. ಸೊಲ್ಲಾಪುರ ವಿಮಾನ ನಿಲ್ದಾಣದ ಬಳಿ ಹಾರಾಟಕ್ಕೆ ಅಡ್ಡಿಯಾಗಿದ್ದ ಸಕ್ಕರೆ ಕಾರ್ಖಾನೆಯ ಚಿಮಣಿಯನ್ನು 2023ರ ಜೂನ್‌ನಲ್ಲಿ ಉರುಳಿಸಿದರು. ಗಾಳಿಯನ್ನು ಉರುಳಿಸುವವರು ಯಾರು?

ಚಕ್ರ ತಾಗಿದ ಮೇಲೂ ನಿರಾಳವಿಲ್ಲ. ಬಾಲದ ಅಡಿಯಲ್ಲಿ ಚಕ್ರವಿರುವ ಹಳೆಯ ಮಾದರಿಯ ವಿಮಾನಗಳು ಗಾಳಿಗೆ ಮೂತಿ ತಿರುಗಿಸಿ, ರನ್‌ವೇ ಮೇಲೆಯೇ ಗಿರಕಿ ಹೊಡೆದುಬಿಡಬಹುದು.