ಒಳಮನಸ್ಸಿಗೆ ಏನು ಗೊತ್ತು?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನಂಜನಗೂಡು, ತಿರುಮಕೂಡಲು ನರಸೀಪುರಗಳ ಎಷ್ಟೋ ಮನೆಗಳಲ್ಲಿ ಒಂದೇ ಚರ್ಚೆ. ಅಪ್ಪ ಅಂಕಪಟ್ಟಿ ಹಿಡಿದು ಲೆಕ್ಕ ಹಾಕುತ್ತಾರೆ. ಮಗಳು, ‘ನಂಗೆ ಸೈನ್ಸ್ ಬೇಡ ಅನ್ನಿಸ್ತದೆ ಕಣಪ್ಪ’ ಎನ್ನುತ್ತಾಳೆ. ‘ಅನ್ನಿಸಿದ್ದನ್ನೆಲ್ಲ ನಂಬೋಕಾಗ್ತದಾ?’ ಎಂದು ಅಪ್ಪ ರೇಗುತ್ತಾರೆ. ಅಪ್ಪನ ಪ್ರಶ್ನೆ ಒಳ್ಳೆಯದೇ. ಅದಕ್ಕೆ ಉತ್ತರದ ಎಳೆ ಈ ಊರುಗಳ ಹೊಳೆಯಲ್ಲೂ ತೋಟದಲ್ಲೂ ಇದೆ.

ನರಸೀಪುರದಲ್ಲಿ ಕಪಿಲೆ ಕಾವೇರಿಯನ್ನು ಕೂಡುತ್ತಾಳೆ. ಅಲ್ಲಿ ತೆಪ್ಪ ನಡೆಸುವವರು ಸೆಳೆತವನ್ನು ಲೆಕ್ಕ ಹಾಕುತ್ತ ಕೂರುವುದಿಲ್ಲ. ನೀರಿನ ಬಣ್ಣ, ಸುಳಿ ಕಣ್ಣಿಗೆ ಬೀಳುತ್ತಲೇ ಕೈ ತಾನಾಗಿ ಹುಟ್ಟು ತಿರುಗಿಸುತ್ತದೆ. ತಪ್ಪಿದರೆ ತೆಪ್ಪವೇ ಗಿರ್ರನೆ ತಿರುಗಿ ಹೇಳಿಬಿಡುತ್ತದೆ. ದಿನಕ್ಕೆ ಹತ್ತಾರು ಸಲ ಇಂಥ ಪಾಠ, ವರ್ಷಗಟ್ಟಲೆ. ಆ ‘ಅನ್ನಿಸಿಕೆ’ ಬಿಟ್ಟಿ ಬಂದದ್ದಲ್ಲ.

ಆದರೆ ಹೊಳೆ ನಾಳೆ ಏರುತ್ತದೆಯೇ ಎಂದರೆ ಆ ಕಣ್ಣೂ ಸೋಲಬಹುದು. ಮಳೆ ಸುರಿಯುವುದು ವಯನಾಡಿನಲ್ಲಿ, ಗೇಟು ತೆರೆಯುವುದು ಬೀಚನಹಳ್ಳಿಯ ಕಬಿನಿ ಜಲಾಶಯದಲ್ಲಿ. ನಂಜನಗೂಡಿನಲ್ಲಿ ಬಿಸಿಲಿದ್ದರೂ ಸ್ನಾನಘಟ್ಟ ಮುಳುಗಬಹುದು. 2019ರ ಆಗಸ್ಟ್‌ನಲ್ಲಿ ಮೈಸೂರು–ನಂಜನಗೂಡು ರಸ್ತೆಯ ಮೇಲೇ ನೀರು ಹರಿದು ಸಂಚಾರ ನಿಂತಿತ್ತು. ಇಲ್ಲಿ ಬೇಕಾದದ್ದು ಆಕಾಶ ನೋಡುವ ಅನುಭವವಲ್ಲ, ಎಷ್ಟು ಕ್ಯೂಸೆಕ್ ಬಿಟ್ಟಿದ್ದಾರೆಂಬ ಸುದ್ದಿ.

ರಸಬಾಳೆಯ ಕತೆ ಇನ್ನೂ ಕಠಿಣ. ನಂಜನಗೂಡಿನ ಹೆಸರನ್ನೇ ಹೊತ್ತ ಈ ಹಣ್ಣನ್ನು ಪನಾಮಾ ಸೊರಗು ರೋಗ ಹೆಚ್ಚುಕಡಿಮೆ ತೋಟದಿಂದಲೇ ಓಡಿಸಿತು. ರೋಗದ ಶಿಲೀಂಧ್ರ ಮಣ್ಣಿನಲ್ಲಿ ದಶಕಗಟ್ಟಲೆ ಬದುಕಬಲ್ಲದು. ಬೇರಿನಿಂದ ಒಳನುಗ್ಗಿ ನೀರು ಸಾಗುವ ನಾಳಗಳನ್ನೇ ಕಟ್ಟುತ್ತದೆ. ರೋಗವಿದ್ದ ತಾಯಿಗಿಡದ ಪಕ್ಕದ ಕಂದು ಕಣ್ಣಿಗೆ ದಷ್ಟಪುಷ್ಟವಾಗಿಯೇ ಕಾಣಬಹುದು. ನುರಿತ ರೈತನೂ ಅದನ್ನೇ ಆರಿಸಿ ನೆಟ್ಟಾನು. ಎಲೆ ಹಳದಿಯಾಗುವುದು ತಿಂಗಳುಗಳ ಮೇಲೆ. ಅಷ್ಟರಲ್ಲಿ ಹೊಸ ಮಣ್ಣಿಗೂ ರೋಗ ಇಳಿದಿರುತ್ತದೆ. ರೋಗಮುಕ್ತ ಅಂಗಾಂಶ ಕೃಷಿ ಸಸಿಗೆ ಬೆಲೆ ಬಂದದ್ದು ಇದಕ್ಕೇ.

ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾಹ್ನೆಮನ್ ಮತ್ತು ಗ್ಯಾರಿ ಕ್ಲೈನ್ ಈ ವಿಷಯದಲ್ಲಿ ವಿರುದ್ಧ ಪಂಗಡದವರು. ಕ್ಲೈನ್ ಅಗ್ನಿಶಾಮಕ ದಳದವರನ್ನು ಅಭ್ಯಸಿಸಿ ಅಂತಃಪ್ರೇರಣೆಯನ್ನು ಮೆಚ್ಚಿದವರು; ಕಾಹ್ನೆಮನ್ ಅದರ ಎಡವಟ್ಟುಗಳನ್ನು ಎಣಿಸಿದವರು. 2009ರಲ್ಲಿ ಇಬ್ಬರೂ ಕೂಡಿ ಬರೆದ ಪ್ರಬಂಧದಲ್ಲಿ ಒಪ್ಪಿದ್ದು ಇಷ್ಟು: ಕೆಲಸದಲ್ಲಿ ಒಂದು ಕ್ರಮವಿರಬೇಕು, ಸರಿ–ತಪ್ಪು ತಿಳಿಯುವಂಥ ದೀರ್ಘ ಅಭ್ಯಾಸವಿರಬೇಕು. ಆಗಷ್ಟೇ ಒಳಮನಸ್ಸಿನ ಮಾತಿಗೆ ತೂಕ. ಮಾತಿನಲ್ಲಿ ಎಷ್ಟು ಗಟ್ಟಿತನವಿದೆ ಎಂಬುದು ಸಾಕ್ಷಿಯಾಗದು.

ಈಗ ಆ ಮಗಳ ಮಾತಿಗೆ ಬರೋಣ. ಹತ್ತು ವರ್ಷ ಗಣಿತ ಮಾಡಿ, ಪರೀಕ್ಷೆ ಬರೆದು, ಅಂಕ ಕಂಡವಳು ಅವಳು. ‘ಲೆಕ್ಕ ನನಗೆ ಒಗ್ಗದು’ ಎಂದರೆ ಅದು ತೆಪ್ಪದವನ ಮಾತಿನಂತೆ, ಕೇಳಲೇಬೇಕು. ‘ಕಾಮರ್ಸ್ ಸುಲಭ’ ಎಂದರೆ ಮಾತ್ರ ಅದು ಕಂದಿನ ಹೊಳಪು ನೋಡಿ ಹೇಳಿದ್ದು. ಅವಳು ಒಂದು ಪುಟವನ್ನೂ ಓದಿಲ್ಲ. ಅಪ್ಪನಿಗೂ ಇದೇ ಅಳತೆ. ಮಗಳು ಬೇಗ ಕೈಚೆಲ್ಲುವವಳೋ, ಹಟ ಹಿಡಿಯುವವಳೋ ಎಂಬುದನ್ನು ಅವರು ಬಲ್ಲರು. ಎಂಜಿನಿಯರಿಂಗ್ ಬಗ್ಗೆ ಬಲ್ಲದ್ದು ನೆಂಟರ ಮದುವೆಮನೆಯಲ್ಲಿ ಕೇಳಿದ್ದಿರಬಹುದು.

ಗೊತ್ತಿಲ್ಲದ್ದನ್ನು ತಿಳಿಯಲು ನಾಲ್ಕು ದಿನ ಸಾಕು. ಪ್ರಥಮ ಪಿಯುಸಿಯ ಪುಸ್ತಕಗಳನ್ನು ಎರವಲು ತಂದು ಒಂದೊಂದು ಪಾಠ ಓದಬಹುದು. ಈಗಾಗಲೇ ಓದುತ್ತಿರುವ ಪಕ್ಕದ ಬೀದಿಯ ಹುಡುಗಿಯನ್ನು ಕೇಳಬಹುದು. ಮೈಸೂರಿನ ಕಾಲೇಜಾದರೆ ನಂಜನಗೂಡಿನವರಿಗೆ ರೈಲೂ ಉಂಟು, ನರಸೀಪುರದವರಿಗೆ ಬಸ್ಸೇ ಗತಿ. ಬೆಳಗಿನ ಬಸ್ಸಿನಲ್ಲಿ ಅಪ್ಪ–ಮಗಳು ಒಮ್ಮೆ ಹೋಗಿ ಬಂದರೆ, ಸಂಜೆ ಮನೆಯಲ್ಲಿ ಓದಲು ಎಷ್ಟು ಹೊತ್ತು ಉಳಿಯುತ್ತದೆಂಬುದೂ ತಿಳಿಯುತ್ತದೆ.